ವ್ಯಂಜನಗಳಿಗೆ ಜನಕರನ್ನು ಹುಡುಕುವ ಕಥೆಗಳು: ಮೇಯೊನೇಸ್ ಮತ್ತು ಸಾಂಬಾರುಗಳ ನಿಷ್ಪತ್ತಿಯನ್ನು ಕುರಿತು

ಪಾಕದ ಪರಿಭಾಷೆಯಲ್ಲಿ ವ್ಯಂಜನವೆಂದರೆ ಅನ್ನದೊಡನೆ ಕಲಸಿಯೋ ನಂಚಿಕೊಂಡೋ ಉಣ್ಣುವ ಪದಾರ್ಥ. ವ್ಯಾಕರಣದ ಪರಿಭಾಷೆಯಲ್ಲಿ ಸ್ವರವನ್ನು ಆಶ್ರಯಿಸಿ ನಿಲ್ಲುವ ಧ್ವನಿ. ಮೊದಲನೆಯ ಅರ್ಥದ ವ್ಯಂಜನಗಳನ್ನು ಕುರಿತು ಜನಪ್ರಿಯ ಬರಹಗಳು ಹೇಳುವ ಹುಟ್ಟುಕಥೆಗಳನ್ನು ಎರಡನೆಯ ಅರ್ಥದ ವ್ಯಂಜನಗಳ ನೆರವಿನಿಂದ ಎಷ್ಟರಮಟ್ಟಿಗೆ ಪರೀಕ್ಷಿಸಬಹುದು ಎಂಬುದು ಈ ಬರಹದ ವಿಷಯ. ಇಂಥ ಕಥೆಗಳು ಪತ್ರಿಕೆಗಳ ಪುರವಣಿಗಳಲ್ಲೇ ಉಳಿದಿದ್ದರೆ ಭಾಷಾವಿಜ್ಞಾನಿಗಳು ಅವುಗಳ ಗೊಡವೆಗೆ ಹೋಗಬೇಕಾಗಿರಲಿಲ್ಲ. ಆದರೆ ಅವು ನಿಷ್ಪತ್ತಿಯ ವೇಷದಲ್ಲಿ ಬರುತ್ತವೆ. ಇಂಥವನು ಮಾಡಿದ್ದರಿಂದ, ಇಂಥ ಊರಿನಲ್ಲಿ ಮಾಡಿದ್ದರಿಂದ, ಇಂಥವನಿಗಾಗಿ ಮಾಡಿದ್ದರಿಂದ ಈ ಹೆಸರು ಬಂತು ಎನ್ನುತ್ತವೆ. ಹಾಗೆ ಹೇಳಿದ ಕೂಡಲೇ ಅದು ಪದದ ಚರಿತ್ರೆಯನ್ನು ಕುರಿತ ಹೇಳಿಕೆಯಾಗುತ್ತದೆ. ಪದದ ಚರಿತ್ರೆಗೆ ಅನ್ವಯಿಸುವ ಎಲ್ಲ ಪರೀಕ್ಷೆಗಳಿಗೂ ಒಳಪಡುತ್ತದೆ.

ಈ ಕಥೆಗಳನ್ನು ನಂಬುವವರ ದೋಷವನ್ನು ತೋರಿಸುವುದು ಸುಲಭ. ಅವುಗಳನ್ನು ಖಂಡಿಸುವವರಲ್ಲೂ ಅದೇ ದೋಷವಿದೆಯೆಂಬುದು ಅಷ್ಟಾಗಿ ಗಮನಕ್ಕೆ ಬಂದಿಲ್ಲ. ಒಂದು ವ್ಯಂಜನಕ್ಕೆ ಮೂರು ಚರಿತ್ರೆಗಳಿರುತ್ತವೆ: ಪದಾರ್ಥದ್ದು, ಹೆಸರಿನದು, ಆ ಹೆಸರನ್ನು ಕುರಿತ ಕಥೆಯದು. ಮೂರರ ಕಾಲವೂ ಬೇರೆ, ಸಾಕ್ಷ್ಯದ ಸ್ವರೂಪವೂ ಬೇರೆ. ನಂಬುವವರು ಕಥೆಯಿಂದ ಪದಾರ್ಥಕ್ಕೆ ಜಿಗಿಯುತ್ತಾರೆ. ಖಂಡಿಸುವವರು ಪದಾರ್ಥದ ಪ್ರಾಚೀನತೆಯನ್ನು ತೋರಿಸಿ ಹೆಸರಿನ ಪ್ರಶ್ನೆಯೇ ಮುಗಿಯಿತೆಂದು ಭಾವಿಸುತ್ತಾರೆ.

ಮೊದಲು ಯೂರೋಪಿನ ಪ್ರಸಿದ್ಧ ಪ್ರಸಂಗವನ್ನು ನೋಡಬಹುದು. 1756ರಲ್ಲಿ, ಸಪ್ತವಾರ್ಷಿಕ ಯುದ್ಧದ ಆರಂಭದಲ್ಲಿ, ಫ್ರೆಂಚ್ ಸೇನಾನಿ ರಿಷೆಲ್ಯೂ ಡ್ಯೂಕನು ಮಿನೋರ್ಕ ದ್ವೀಪದ ಮಾಹೋನ್ ಬಂದರಿನ ಬಳಿಯ ಕೋಟೆಯನ್ನು ಇಂಗ್ಲಿಷರಿಂದ ಗೆದ್ದುಕೊಂಡನು. ದ್ವೀಪವನ್ನು ಉಳಿಸಿಕೊಳ್ಳಲಾಗದ ಇಂಗ್ಲಿಷ್ ನೌಕಾಧಿಪತಿ ಜಾನ್ ಬಿಂಗ್‌ನನ್ನು ಮರುವರ್ಷ ಅವನ ಸರ್ಕಾರವೇ ಗುಂಡಿಟ್ಟು ಕೊಲ್ಲಿಸಿತು. ಇಷ್ಟು ಇತಿಹಾಸ. ವಿಜಯದ ಔತಣಕ್ಕೆ ಕೆನೆ ಸಿಗದೆ ಡ್ಯೂಕನ ಬಾಣಸಿಗನು ಮೊಟ್ಟೆಯ ಹಳದಿಗೆ ಆಲಿವ್ ಎಣ್ಣೆಯನ್ನು ಕಡೆದು ಹೊಸ ಸಾಸನ್ನು ಮಾಡಿದನು, ಮಾಹೋನಿನ ನೆನಪಿಗೆ ಅದಕ್ಕೆ ‘ಮಾಹೊನೇಸ್’ ಎಂಬ ಹೆಸರಾಯಿತು, ಅದೇ ‘ಮೇಯೊನೇಸ್’ ಎಂದು ಸವೆಯಿತು ಎಂಬುದು ಕಥೆ.

ಸ್ವನವ್ಯವಸ್ಥೆಯ ದೃಷ್ಟಿಯಿಂದ ಈ ಕಥೆಯಲ್ಲಿ ಅಸಂಭವವೇನೂ ಇಲ್ಲ. ಫ್ರೆಂಚಿನಲ್ಲಿ ಮಾಹೋನ್ ಶಬ್ದದ ಹಕಾರ ಬರವಣಿಗೆಯಲ್ಲಿ ಮಾತ್ರ ಇದೆ; ಉಚ್ಚಾರಣೆಯಲ್ಲಿ ಎರಡು ಸ್ವರಗಳು ಒಂದಕ್ಕೊಂದು ತಾಗಿ ನಿಲ್ಲುತ್ತವೆ. ಅವುಗಳ ನಡುವೆ ಯಕಾರ ನುಸುಳುವುದು ಲೋಪಾಗಮಾದೇಶಗಳನ್ನು ಶಾಲೆಯಲ್ಲೇ ಕಲಿಯುವ ಕನ್ನಡಿಗರಿಗೆ ಅಚ್ಚರಿಯ ಸಂಗತಿಯಲ್ಲ. ತೊಡಕು ಇರುವುದು ಬೇರೆಡೆ. ಪ್ರತಿಸ್ಪರ್ಧಿ ನಿಷ್ಪತ್ತಿಗಳೂ ಇಷ್ಟೇ ಸಲೀಸಾಗಿ ಈ ಪರೀಕ್ಷೆಯಲ್ಲಿ ಉತ್ತೀರ್ಣವಾಗುತ್ತವೆ. ಮಾಹೋನ್ ಪಾಕದ ಖ್ಯಾತಿಯ ಊರಲ್ಲವೆಂದು ವಾದಿಸಿದ ಗ್ರಿಮೋ ದ ಲಾ ರೆನಿಯೇರನು ‘ಬಾಯೊನೇಸ್’ ಎಂಬ ರೂಪವನ್ನು ಎತ್ತಿಹಿಡಿದನು. ಬಯೋನ್ ಫ್ರಾನ್ಸಿನ ನೈರುತ್ಯ ಮೂಲೆಯ ಪಟ್ಟಣ. ಬಕಾರ ಮಕಾರಗಳೆರಡೂ ಓಷ್ಠ್ಯಗಳು. ಮಹಾಬಾಣಸಿಗ ಕಾರೆಮ್‌ ‘ಮಾನ್ಯೊನೇಸ್’ ಎಂದು ಬರೆದು, ಕೈಯಾಡಿಸು ಎಂಬರ್ಥದ ‘ಮಾನ್ಯೇ’ ಧಾತುವಿನಿಂದ ಅದನ್ನು ಸಾಧಿಸಿದನು. ಮೊಟ್ಟೆಯ ಹಳದಿ ಎಂಬರ್ಥದ ಹಳೆಯ ಫ್ರೆಂಚ್ ಪದ ‘ಮ್ವಾಯೂ’ ಮೂಲವೆಂದವರೂ ಉಂಟು. 1589ರ ಆರ್ಕ್ ಯುದ್ಧಕ್ಕೆ ಮುನ್ನ ಕೋಳಿಯ ಊಟವನ್ನು ಅರ್ಧಕ್ಕೆ ಬಿಡಲೊಪ್ಪದೆ ಸೋತನೆಂದು ಮಾಯೆನ್ನಿನ ಡ್ಯೂಕನನ್ನು ಎಳೆದು ತಂದವರೂ ಉಂಟು. ಈ ಕೊನೆಯದು ಸೋತವನಿಗೆ ಕೊಟ್ಟ ಕೀರ್ತಿಯಾದುದರಿಂದ ನನಗೆ ವಿಶೇಷ ಪ್ರಿಯ. ಸ್ವನಪರೀಕ್ಷೆ ಒಂದು ಕಥೆಯನ್ನು ತಳ್ಳಿಹಾಕಬಲ್ಲದು, ಸ್ಥಾಪಿಸಲಾರದು. ಐದು ಕಥೆಗಳು ಒಂದೇ ಬಾಗಿಲಲ್ಲಿ ತೂರಬಲ್ಲವಾದರೆ ಆ ಬಾಗಿಲು ಸಾಕ್ಷಿಯಾಗುವುದಿಲ್ಲ.

ಕಾಲದ ಪರೀಕ್ಷೆ ಹೆಚ್ಚು ಫಲಕಾರಿ. ಈ ಹೆಸರು ಪಾಕಗ್ರಂಥಗಳಲ್ಲಿ ಕಾಣಿಸಿಕೊಳ್ಳುವುದು 19ನೇ ಶತಮಾನದ ಮೊದಲ ದಶಕದಲ್ಲಿ. ವಿಯಾರ್‌ನ ‘ಲ ಕ್ವಿಸಿನಿಯೇ ಆಂಪೇರಿಯಾಲ್’ ಅಚ್ಚಾದದ್ದು 1806ರಲ್ಲಿ. ಮುತ್ತಿಗೆಗೂ ಮುದ್ರಣಕ್ಕೂ ನಡುವೆ 50 ವರ್ಷ. ಮುದ್ರಿತ ಪಾಕಗ್ರಂಥಗಳು ಹೇರಳವಾಗಿದ್ದ ದೇಶದಲ್ಲಿ, ರಾಷ್ಟ್ರವೇ ಸಂಭ್ರಮಿಸಿದ ವಿಜಯದ ಹೆಸರು ಹೊತ್ತ ಸಾಸೊಂದು ಅರ್ಧ ಶತಮಾನ ಮೌನವಾಗಿತ್ತೆನ್ನುವುದನ್ನು ಒಪ್ಪಲು ಬೇರೆ ಆಧಾರ ಬೇಕು. ಅದಕ್ಕಿಂತ ಗಮನಾರ್ಹವಾದ ಅಂಶ ಇನ್ನೊಂದು. ವಿಯಾರ್‌ ಪರಂಪರೆಯ ಆರಂಭದ ಪಾಕವಿಧಿಗಳಲ್ಲಿ ಮೊಟ್ಟೆಯ ಹಳದಿಯಿಂದ ಕೂಡಿಸಿದ ಸಾಸಿಗೆ ಮಾತ್ರವಲ್ಲ, ಮಾಂಸದ ಜೆಲ್ಲಿಯಿಂದ ಕೂಡಿಸಿದ್ದಕ್ಕೂ ಇದೇ ಹೆಸರಿದೆ. ಎಂದರೆ ಹೆಸರು ಇಂದಿನ ಪದಾರ್ಥದ ಮೇಲೆ ನೆಲೆಗೊಂಡದ್ದು ತಡವಾಗಿ. ಎಣ್ಣೆ-ಹಳದಿಗಳ ಸಂಯೋಗವನ್ನು ಕಂಡುಹಿಡಿದ ಕ್ಷಣವನ್ನು ಹೆಸರಿನ ಮೂಲದಲ್ಲಿ ಹುಡುಕುವ ಪ್ರಯತ್ನಕ್ಕೆ ಇಲ್ಲಿ ಅಡಿಪಾಯವೇ ಕುಸಿಯುತ್ತದೆ.

ಇದರ ಜೊತೆಗೆ ಫ್ರೆಂಚ್ ಪಾಕಪರಿಭಾಷೆಯ ನಾಮಕರಣ ವ್ಯವಸ್ಥೆಯನ್ನೂ ಪರಿಗಣಿಸಬೇಕು. ‘ಓಲಾಂದೇಸ್’, ‘ಬೇಆರ್ನೇಸ್’ ಮುಂತಾದ ಹೆಸರುಗಳಲ್ಲಿ ದೇಶವಾಚಕಕ್ಕೆ ಸ್ತ್ರೀಲಿಂಗದ ‘-ಏಸ್’ ಪ್ರತ್ಯಯ ಸೇರಿದೆ. ಇಷ್ಟು ಜೀವಂತವಾದ ಮಾದರಿ ಇದ್ದಾಗ ಅರ್ಥ ಮಸುಕಾದ ಯಾವ ಪದವೇ ಆಗಲಿ ಸಾದೃಶ್ಯದ ಸೆಳೆತಕ್ಕೆ ಸಿಕ್ಕಿ ಊರಿನ ಹೆಸರಿನಂತೆ ಕಾಣತೊಡಗುವುದು ಸಹಜ. ಮೇಲಾಗಿ ದೇಶವಾಚಕವು ಉತ್ಪತ್ತಿಸ್ಥಾನವನ್ನೇ ಸೂಚಿಸಬೇಕೆಂದಿಲ್ಲ. ವ್ಯಕ್ತಿವಾಚಕವೂ ಹಾಗೆಯೇ: ‘ಬೆಷಮೆಲ್’ ಹದಿನಾಲ್ಕನೆಯ ಲೂಯಿಯ ಅರಮನೆಯ ಉಗ್ರಾಣ ವ್ಯವಹಾರ ನೋಡಿಕೊಂಡ ಬೆಷಮೇಯ್‌ನ ಹೆಸರನ್ನು ಹೊತ್ತಿದೆ. ಅವನು ಸೌಟು ಹಿಡಿದನೆಂದು ಇದರಿಂದ ಸಿದ್ಧವಾಗುವುದಿಲ್ಲ. ಕಾವ್ಯದ ಅಂಕಿತದಲ್ಲಿ ಆಶ್ರಯದಾತನ ಹೆಸರಿದ್ದರೆ ಅವನೇ ಕವಿಯೆಂದು ಯಾರೂ ಹೇಳುವುದಿಲ್ಲ. ಪಾಕದ ಅಂಕಿತವನ್ನು ಮಾತ್ರ ಕರ್ತೃತ್ವವೆಂದು ಓದುತ್ತೇವೆ.

ಆಡಳಿತದ ದಾಖಲೆಯೊಂದರಿಂದಲೇ ಉರುಳುವ ಕಥೆಗಳೂ ಇವೆ. ಇಂಗ್ಲೆಂಡಿನ ವೂಸ್ಟರಿನಲ್ಲಿ ಲೀ ಮತ್ತು ಪೆರಿನ್ಸ್ ಎಂಬ ಔಷಧಿ ವ್ಯಾಪಾರಿಗಳು 1830ರ ದಶಕದಲ್ಲಿ ಮಾರಾಟಕ್ಕೆ ತಂದ ಸಾಸಿನ ಮೂಲವಿಧಿಯನ್ನು ಬಂಗಾಳದ ಮಾಜಿ ಗವರ್ನರ್ ಲಾರ್ಡ್ ಸ್ಯಾಂಡಿಸ್ ಭಾರತದಿಂದ ತಂದನೆಂಬ ಐತಿಹ್ಯವಿತ್ತು. ಬಂಗಾಳದ ಗವರ್ನರುಗಳಲ್ಲಿ ಆ ಹೆಸರಿನ ಲಾರ್ಡ್ ಯಾರೂ ಇರಲಿಲ್ಲ. ಅಲ್ಲಿಗೆ ಮುಗಿಯಿತು. ಇನ್ನು ‘ಕೆಚಪ್’ ಪದಕ್ಕೆ ದಕ್ಷಿಣ ಚೀನದ ಹೊಕ್ಕಿಯೆನ್ ಮತ್ತು ಮಲಯ ಭಾಷೆಗಳ ಮೂಲಕ ಇಂಗ್ಲಿಷಿಗೆ ಬಂದ ದೀರ್ಘ ಚರಿತ್ರೆಯಿದ್ದರೂ ಅರಸನ ಅಡುಗೆಮನೆಯ ಕಥೆ ಅದಕ್ಕೆ ಅಂಟಿಕೊಳ್ಳಲಿಲ್ಲ. ಆ ಪದ ಯಾರ ಹೆಸರಿನಂತೆಯೂ ಕೇಳಿಸುವುದಿಲ್ಲ. ಜನಕಕಥೆ ಹುಟ್ಟುವುದಕ್ಕೆ ಪದದ ಆಕಾರವೇ ಆಸ್ಪದ ಕೊಡಬೇಕು.

ಕನ್ನಡ ಓದುಗರಿಗೆ ಹತ್ತಿರದ ಉದಾಹರಣೆ ಸಾಂಬಾರು. ಇದನ್ನು ಸಾಸ್ ಎನ್ನಬಹುದೇ ಎಂಬ ಆಕ್ಷೇಪ ಬರಬಹುದು. ಲ್ಯಾಟಿನ್ನಿನ ‘ಸಾಲ್ಸ’, ಎಂದರೆ ಉಪ್ಪಿನದು, ಎಂಬ ವಿಶೇಷಣ ನಾಮಪದವಾಗಿ ಸಾಸ್ ಆಯಿತು; ಹುಳಿ ಎಂಬ ರುಚಿವಾಚಕ ಹಳೆಯ ಮೈಸೂರಿನ ಮನೆಗಳಲ್ಲಿ ವ್ಯಂಜನದ ಹೆಸರಾಯಿತು. ಮುಖ್ಯ ಆಹಾರಕ್ಕೆ ರುಚಿಗೂಡಿಸುವ ದ್ರವ್ಯ ಎಂಬ ಕಾರ್ಯದಲ್ಲೂ ನಾಮಕರಣದ ಕ್ರಮದಲ್ಲೂ ಎರಡೂ ಒಂದೇ ಜಾತಿಯವು.

ತಂಜಾವೂರಿನ ಕಥೆ ಎಲ್ಲರಿಗೂ ಗೊತ್ತು. ಮರಾಠ ಅರಸ ಶಾಹಜಿಯ ಆಸ್ಥಾನಕ್ಕೆ ಅವನ ದಾಯಾದಿ, ಶಿವಾಜಿಯ ಮಗ ಸಂಭಾಜಿ ಬಂದನು. ಆಮ್ಟಿಗೆ ಹಾಕುವ ಕೋಕಂ, ನಮ್ಮ ಮುರುಗಲ ಹುಳಿ, ಮುಗಿದಿತ್ತು. ಬದಲಿಗೆ ಹುಣಿಸೆ ಹಾಕಿದರು. ಅತಿಥಿಯ ಗೌರವಕ್ಕೆ ಅದು ‘ಸಂಭಾಜಿ ಆಹಾರ’ವೆನಿಸಿ ಸಾಂಬಾರು ಆಯಿತು. ಕೆಲವು ಪಾಠಗಳಲ್ಲಿ ಶಾಹಜಿಯೇ ಒಲೆಯ ಮುಂದೆ ನಿಲ್ಲುತ್ತಾನೆ. ಮಾಹೋನಿನಲ್ಲಿ ಕೆನೆ ಮುಗಿದಂತೆ ಇಲ್ಲಿ ಕೋಕಂ ಮುಗಿದಿದೆ. ಅಲ್ಲಿ ಡ್ಯೂಕನಿದ್ದ ಸ್ಥಾನದಲ್ಲಿ ಇಲ್ಲಿ ಛತ್ರಪತಿಯಿದ್ದಾನೆ. ಜಾನಪದದ ವಿದ್ಯಾರ್ಥಿಗಳಿಗೆ ಆಶಯವನ್ನು ಗುರುತಿಸುವುದು ಕಷ್ಟವಲ್ಲ. ಆದರೆ ಆಶಯ ಸಂಚಾರಿಯಾದದ್ದೆಂಬ ಒಂದೇ ಕಾರಣಕ್ಕೆ ಘಟನೆ ಸುಳ್ಳಾಗುವುದಿಲ್ಲ. ಕೊರತೆಯಿಂದ ಬದಲಿ ಹುಡುಕುವುದು ಎಲ್ಲ ಅಡುಗೆಮನೆಗಳಲ್ಲೂ ನಡೆಯುವಂಥದೇ.

ಕಾಲವನ್ನು ಅಳೆದರೆ ಶಾಹಜಿ ಪಟ್ಟಕ್ಕೆ ಬಂದದ್ದು 1684ರಲ್ಲಿ, ಬಾಲ್ಯದಲ್ಲಿ. ಸಂಭಾಜಿ ಮೊಗಲರ ಸೆರೆಯಲ್ಲಿ ಕೊಲೆಯಾದದ್ದು 1689ರ ಮಾರ್ಚಿಯಲ್ಲಿ. ಘಟನೆಗೆ ಉಳಿಯುವ ಅವಕಾಶ ಐದೇ ವರ್ಷ. ಅದೂ ಔರಂಗಜೇಬನೇ ದಖ್ಖನಿಗೆ ಇಳಿದಿದ್ದ ವರ್ಷಗಳು. ಅಸಾಧ್ಯವಲ್ಲ, ಇಕ್ಕಟ್ಟು. ಪದಾರ್ಥದ ಕಡೆಯಿಂದ ನೋಡಿದರೆ ಕಥೆಯ ಕೀಲೇ ಸಡಿಲ: ಹುಣಿಸೆ-ಬೆಲ್ಲದ ಆಮ್ಟಿ ಮರಾಠಿ ಮನೆಗಳ ನಿತ್ಯದ ಅಡುಗೆ. ಕೋಕಂಗೆ ಬದಲಾಗಿ ಹುಣಿಸೆ ಬಿದ್ದರೆ ಸಂಭಾಜಿ ಬೆರಗಾಗಿ ಹೊಸ ಹೆಸರಿಡಬೇಕಾದ ಪ್ರಮೇಯವೇನೂ ಕಾಣುವುದಿಲ್ಲ.

ಪದರಚನೆಯಲ್ಲಿ ಕಥೆ ಇನ್ನೂ ದುರ್ಬಲ. ಫಲಾಹಾರ, ಶಾಕಾಹಾರ, ಮಾಂಸಾಹಾರ ಎಂಬಲ್ಲೆಲ್ಲ ಪೂರ್ವಪದ ಸೂಚಿಸುವುದು ತಿನ್ನಲ್ಪಡುವ ವಸ್ತುವನ್ನು. ಈ ಮಾದರಿಯನ್ನು ಅನುಸರಿಸಿದರೆ ‘ಸಂಭಾಜಿ ಆಹಾರ’ದ ವಿಗ್ರಹವಾಕ್ಯ ಮರಾಠ ಆಸ್ಥಾನದಲ್ಲಿ ಉಚ್ಚರಿಸಬಾರದಂಥದಾಗುತ್ತದೆ. ಷಷ್ಠೀ ತತ್ಪುರುಷವೆಂದು ಸಮರ್ಥಿಸಬಹುದು, ಸರಿ. ಆಗಲೂ ‘ಜಿ’ ಲೋಪವಾಗಬೇಕು, ಆಹಾರದ ಹಕಾರ ಲೋಪವಾಗಬೇಕು, ಮೊದಲ ಹ್ರಸ್ವ ಅಕಾರ ದೀರ್ಘವಾಗಬೇಕು. ಈ ಮೂರು ವ್ಯತ್ಯಾಸಗಳೂ ಒಂದೇ ಪದದಲ್ಲಿ, ಬೇರೆ ಯಾವ ಪದದಲ್ಲೂ ಒಟ್ಟಾಗಿ ಕಾಣದ ರೀತಿಯಲ್ಲಿ ನಡೆಯಬೇಕು. ಒಂದು ಪದಕ್ಕಾಗಿ ಮೂರು ನಿಯಮಗಳನ್ನು ಕಲ್ಪಿಸುವುದು ವಿವರಣೆಯಲ್ಲ.

ಇದಕ್ಕೆ ಎದುರಾಗಿ ಇನ್ನೊಂದು ನಿಷ್ಪತ್ತಿ ಸಿದ್ಧವಾಗಿದೆ. ಸಂಸ್ಕೃತದ ‘ಸಂಭಾರ’, ‘ಸಮ್’ ಉಪಸರ್ಗಪೂರ್ವಕ ‘ಭೃ’ ಧಾತುವಿನಿಂದ ಬಂದದ್ದು. ಒಟ್ಟುಗೂಡಿಸಿದ್ದು, ಸಾಮಗ್ರಿ ಎಂಬುದು ಅರ್ಥ. ಕನ್ನಡದಲ್ಲಿ ಮಹಾಪ್ರಾಣ ಕಳೆದು ‘ಸಂಬಾರ’, ‘ಸಾಂಬಾರ’. ಮೆಣಸು, ಏಲಕ್ಕಿ, ಲವಂಗಗಳು ಇಂದಿಗೂ ಸಾಂಬಾರ ಪದಾರ್ಥಗಳು. ತೆಲುಗಿನ ‘ಸಂಬಾರಮು’, ತಮಿಳಿನ ‘ಸಂಬಾರಂ’ ಮಸಾಲೆಯ ಅರ್ಥದವೇ. ಮಲಯಾಳದ ‘ಸಂಭಾರಂ’ ಶುಂಠಿ, ಮೆಣಸಿನಕಾಯಿ, ಕರಿಬೇವು ಹಾಕಿದ ಮಜ್ಜಿಗೆ. ವಿದರ್ಭದ ಮರಾಠಿಯಲ್ಲಿ ‘ಸಾಂಬಾರ್’ ಎಂದರೆ ಕೊತ್ತಂಬರಿ ಸೊಪ್ಪು. ಅದನ್ನು ತುಂಬಿದ ತಿನಿಸಿಗೆ ‘ಸಾಂಬಾರವಡಿ’ ಎಂಬ ಹೆಸರು. ಗುಜರಾತಿಯ ‘ಸಂಭಾರೊ’ ಒಗ್ಗರಣೆ ಹಾಕಿದ ಎಲೆಕೋಸು, ಗಜ್ಜರಿಯ ಹೆಚ್ಚಳ. ಸಂಭಾಜಿಯ ಹೆಸರಿನಿಂದ ಹೊರಟವನು ಗುಜರಾತಿನ ಕೋಸಿಗೂ ಕೇರಳದ ಮಜ್ಜಿಗೆಗೂ ನಾಗಪುರದ ಕೊತ್ತಂಬರಿಗೂ ಉತ್ತರ ಹೇಳಬೇಕಾಗುತ್ತದೆ. ಸಂಭಾರದಿಂದ ಹೊರಟವನಿಗೆ ಇವೆಲ್ಲ ಒಂದೇ ಎಳೆಯಲ್ಲಿ ಸಿಗುತ್ತವೆ: ಸಾಮಗ್ರಿ, ಅದರಿಂದ ಮಸಾಲೆ ಎಂಬ ಅರ್ಥಸಂಕೋಚ, ಮಸಾಲೆಯಿಂದ ಮಸಾಲೆ ಬೆರೆತ ಪದಾರ್ಥ ಎಂಬ ಲಕ್ಷಣಾರ್ಥ.

ಖಂಡನಕಾರರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತಾರೆ; ಇಲ್ಲವೇ ಇನ್ನೊಂದು ಹೆಜ್ಜೆ ಮುಂದಿಟ್ಟು ಬೇಳೆ-ಹುಣಿಸೆಯ ಹುಳಿ ಕನ್ನಡನಾಡಿನಲ್ಲಿ ಮರಾಠರಿಗಿಂತ ಮೊದಲೇ ಇತ್ತೆಂದು ಹೇಳಿ ಗೆದ್ದ ಭಾವದಲ್ಲಿ ಕೂರುತ್ತಾರೆ. ಇಮ್ಮಡಿ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಪಾಕದ ಪ್ರಕರಣವಿದೆ, ಕಲ್ಯಾಣದ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಅನ್ನಭೋಗವಿದೆ, ಮೂರನೆಯ ಮಂಗರಸನ ‘ಸೂಪಶಾಸ್ತ್ರ’ವಿದೆ, ಈ ಪರಂಪರೆ ತಂಜಾವೂರಿನ ಮರಾಠ ರಾಜ್ಯಕ್ಕಿಂತ ಶತಮಾನಗಳಷ್ಟು ಹಿಂದಿನದು ಎಂಬುದರಲ್ಲಿ ವಿವಾದವಿಲ್ಲ. ಆದರೆ ಇದು ಹುಳಿಯ ಚರಿತ್ರೆ, ಸಾಂಬಾರು ಎಂಬ ಹೆಸರಿನ ಚರಿತ್ರೆಯಲ್ಲ. ಮರಾಠಿಯ ಆಮ್ಟಿ, ಕನ್ನಡದ ಹುಳಿ, ತೆಲುಗಿನ ಪುಲುಸು ಎಲ್ಲವೂ ಹುಳಿಯ ರುಚಿಯಿಂದಲೇ ಹೆಸರು ಪಡೆದವು. ಈ ರುಚಿವಾಚಕಗಳ ನಡುವೆ ಮಸಾಲೆವಾಚಕವೊಂದು ಎಲ್ಲಿಂದ, ಯಾವ ದಾರಿಯಲ್ಲಿ ಬಂದು ಕುಳಿತಿತು ಎಂಬ ಪ್ರಶ್ನೆಗೆ ಪದಾರ್ಥದ ಪ್ರಾಚೀನತೆ ಉತ್ತರ ಕೊಡಲಾರದು.

ಈ ಪ್ರಶ್ನೆಗೆ ಪದಾಂತ್ಯ ಒಂದಿಷ್ಟು ಬೆಳಕು ಕೊಡುತ್ತದೆಂದು ನನ್ನ ವಾದ. ಸಂಸ್ಕೃತದ ಅಕಾರಾಂತ ಅಪ್ರಾಣಿವಾಚಕಗಳನ್ನು ತಮಿಳು ನೇರವಾಗಿ ಪಡೆದಾಗ ‘-ಅಂ’ ಪ್ರತ್ಯಯಾಂತವಾಗಿಸುತ್ತದೆ: ವಿಚಾರಂ, ಅಲಂಕಾರಂ, ಆಹಾರಂ. ‘ಸಂಬಾರಂ’ ಈ ಕ್ರಮಕ್ಕೆ ಸೇರಿದ್ದು, ಅರ್ಥ ಮಸಾಲೆ. ವ್ಯಂಜನದ ಹೆಸರಾದರೋ ‘ಸಾಂಬಾರ್’. ‘-ಅಂ’ ಇಲ್ಲ, ರೇಫಾಂತ. ತಮಿಳಿನಲ್ಲಿ ಹೀಗೆ ರೇಫಾಂತವಾಗಿ ನಿಲ್ಲುವ ಎರವಲುಗಳು ‘ಸರ್ಕಾರ್’, ‘ದರ್ಬಾರ್’ ಮೊದಲಾದವು. ಎಂದರೆ ಪದಾಂತ್ಯದ ಅಕಾರವಿಲ್ಲದ ಭಾಷೆಗಳಿಂದ ಬಂದವು. ಮರಾಠಿ ಅಂಥ ಭಾಷೆ. ವಿದರ್ಭದ ‘ಸಾಂಬಾರ್’ ರೂಪದಲ್ಲಿ ದೀರ್ಘ ಆಕಾರವೂ ಸಿದ್ಧವಾಗಿದೆ. ಒಂದೇ ಸಂಸ್ಕೃತ ಪದ ತಮಿಳಿಗೆ ಎರಡು ಬಾಗಿಲುಗಳಿಂದ, ಎರಡು ಅಂತ್ಯಗಳೊಡನೆ, ಎರಡು ಅರ್ಥಗಳಲ್ಲಿ ಬಂದಿದೆ ಎಂದು ಊಹಿಸಿದರೆ ರೂಪಗಳು ಸರಿಹೊಂದುತ್ತವೆ.

ಕನ್ನಡದ ಸಾಕ್ಷ್ಯವೂ ಇದೇ ದಿಕ್ಕಿನಲ್ಲಿದೆ, ಆದರೆ ಅಷ್ಟು ಬಿಗಿಯಾಗಿಲ್ಲ. ನಮ್ಮಲ್ಲಿ ಅಕಾರಾಂತ ‘ಸಾಂಬಾರ’ ಮಸಾಲೆ, ಉಕಾರಾಂತ ‘ಸಾಂಬಾರು’ ವ್ಯಂಜನ. ವ್ಯಂಜನಾಂತ ಎರವಲಿಗೆ ಉಕಾರ ಹಚ್ಚುವುದು ಕನ್ನಡದ ರೂಢಿ: ಬಜಾರು, ಕಾರು, ಬಸ್ಸು. ಆದ್ದರಿಂದ ‘ಸಾಂಬಾರು’ ರೇಫಾಂತ ರೂಪವೊಂದರಿಂದ ಈಚೆಗೆ ಬಂದದ್ದು, ‘ಸಾಂಬಾರ’ ಹಳೆಯ ತದ್ಭವದ ಸಾಲಿನದು ಎನ್ನಬಹುದು. ಇದಕ್ಕೆ ಎರಡು ಆಕ್ಷೇಪಗಳುಂಟು. ‘ಸರ್ಕಾರ’ ರೇಫಾಂತ ಎರವಲಾದರೂ ಅಕಾರಾಂತವಾಯಿತು. ಎರಡನೆಯದಾಗಿ, ಪಕ್ಕದಲ್ಲೇ ‘ಸಾರು’ ಇರುವಾಗ ಅದರ ಸಾದೃಶ್ಯದಿಂದಲೇ ‘ಸಾಂಬಾರು’ ಉಕಾರಾಂತವಾಗಿರಬಹುದು. ಎರಡನೆಯ ಆಕ್ಷೇಪ ಬಲವಾದದ್ದು. ಅದಕ್ಕಾಗಿಯೇ ವಾದದ ಭಾರವನ್ನು ತಮಿಳು ರೂಪದ ಮೇಲೆ ಹೊರಿಸಿದ್ದೇನೆ. ಮನೆಯಲ್ಲಿ ಹುಳಿ, ಹೋಟೆಲಿನಲ್ಲಿ ಸಾಂಬಾರು ಎಂಬ ಬಳಕೆಯ ಭೇದವನ್ನು ಹಳೆಯ ತಲೆಮಾರಿನ ಮೈಸೂರಿನವರು ಈಗಲೂ ಪಾಲಿಸುವುದುಂಟು. ಎರವಲು ಪದ ಮೊದಲು ಸಾರ್ವಜನಿಕ ವ್ಯವಹಾರದಲ್ಲಿ ನೆಲೆಗೊಂಡು ಆಮೇಲೆ ಮನೆಯೊಳಗೆ ಬರುವುದಕ್ಕೆ ಇದು ಹೊಂದುತ್ತದೆ.

ಈ ವಾದ ಸರಿಯಾದರೆ ತಂಜಾವೂರಿನ ಕಥೆಯಲ್ಲಿ ಸಂಭಾಜಿ ಹೋಗುತ್ತಾನೆ, ಔತಣ ಹೋಗುತ್ತದೆ, ಮುಗಿದ ಕೋಕಂ ಹೋಗುತ್ತದೆ. ಮರಾಠಿ ಮಾತ್ರ ಉಳಿಯುತ್ತದೆ. ಮರಾಠಿ-ತಮಿಳು ಸಂಪರ್ಕದ ನೆನಪು ವ್ಯಕ್ತಿಯ ಕಥೆಯಾಗಿ ಗಟ್ಟಿಗೊಂಡಿದೆ ಎಂದು ಆಗ ಓದಬೇಕಾಗುತ್ತದೆ. ಕಥೆಯನ್ನು ಇಡಿಯಾಗಿ ಎಸೆದ ಖಂಡನಕಾರರು ಈ ಸಂಪರ್ಕದ ಸುಳಿವನ್ನೂ ಎಸೆದಿದ್ದಾರೆ. ಅವರ ಖಂಡನೆಗಳಲ್ಲಿ ಪ್ರಾಂತಾಭಿಮಾನದ ಒಗ್ಗರಣೆಯೂ ಆಗಾಗ ಸಿಡಿಯುತ್ತದೆ: ಸಾಂಬಾರು ಮರಾಠರದಲ್ಲ, ನಮ್ಮದು ಎಂದು. ಮಸಾಲೆಯ ಹೆಸರು ಎರಡು ಭಾಷಾಕುಟುಂಬಗಳ ಆಚೀಚೆ ಇಷ್ಟು ಓಡಾಡಿರುವಾಗ ‘ನಮ್ಮದು’ ಎಂಬ ಸರ್ವನಾಮದ ಪೂರ್ವಪದ ಯಾವುದೆಂದೇ ತಿಳಿಯದು.

ಮೌನದ ತೂಕವನ್ನು ಎರಡೂ ಪ್ರಸಂಗಗಳಲ್ಲಿ ಒಂದೇ ತಕ್ಕಡಿಯಲ್ಲಿ ತೂಗುವಂತಿಲ್ಲ ಎಂಬುದನ್ನೂ ಹೇಳಬೇಕು. ಫ್ರಾನ್ಸಿನಲ್ಲಿ ಪಾಕಗ್ರಂಥಗಳ ಮುದ್ರಣ ಒಂದು ಉದ್ಯಮವಾಗಿತ್ತು. ಅಲ್ಲಿ 50 ವರ್ಷಗಳ ಮೌನ ಮಾತನಾಡುತ್ತದೆ. 17ನೇ ಶತಮಾನದ ತಂಜಾವೂರಿನ ಅಡುಗೆಮನೆಯ ನಿತ್ಯದ ಹೆಸರುಗಳು ಬರವಣಿಗೆಗೆ ಇಳಿಯುವ ಸಂದರ್ಭಗಳು ಕಡಿಮೆ. ಹಾಗೆಂದು ಅದು ಮೂಕ ಆಸ್ಥಾನವೇನೂ ಅಲ್ಲ. ಶಾಹಜಿ ಸ್ವತಃ ತೆಲುಗಿನಲ್ಲಿ ಯಕ್ಷಗಾನ ಬರೆದವನು; ರಘುನಾಥನ ‘ಭೋಜನಕುತೂಹಲ’ವೆಂಬ ಸಂಸ್ಕೃತ ಕೃತಿ ಅದೇ ಮರಾಠ ಪರಿಸರಕ್ಕೆ ಸೇರಿದ್ದು; ಮೋಡಿ ಲಿಪಿಯ ಆಡಳಿತ ಕಾಗದಗಳು ಇಂದಿಗೂ ತಂಜಾವೂರಿನಲ್ಲಿ ಉಳಿದಿವೆ. ಜನಪ್ರಿಯ ಬರಹಗಳು ‘ಅರಮನೆಯ ದಾಖಲೆಗಳ ಪ್ರಕಾರ’ ಎನ್ನುತ್ತವೆ. ಯಾವ ದಾಖಲೆ, ಯಾವ ವರ್ಷದ್ದು, ಯಾವ ಸಾಲು ಎನ್ನುವುದಿಲ್ಲ.

ಆ ಕಾಗದಗಳಿಗೆ ಇಳಿಯುವ ಸಂಶೋಧನ ವಿದ್ಯಾರ್ಥಿ ಸಂಭಾಜಿಯ ಹೆಸರನ್ನು ಹುಡುಕಬೇಕಾಗಿಲ್ಲ. ‘ಸಾಂಬಾರ್’ ಎಂಬ ರೂಪ ಸಿಕ್ಕರೆ ಮೂರು ಸಂಗತಿಗಳನ್ನು ಬರೆದುಕೊಳ್ಳಬೇಕು: ಮೊದಲ ಸ್ವರ ಹ್ರಸ್ವವೋ ದೀರ್ಘವೋ; ಮಹಾಪ್ರಾಣ ಉಳಿದಿದೆಯೋ ಇಲ್ಲವೋ; ಆ ಪದ ಇರುವುದು ಉಗ್ರಾಣಕ್ಕೆ ತಂದ ಸಾಮಾನುಗಳ ಪಟ್ಟಿಯಲ್ಲೋ, ಎಲೆಗೆ ಬಡಿಸಿದ ಪದಾರ್ಥಗಳ ಪಟ್ಟಿಯಲ್ಲೋ. ಉಗ್ರಾಣದ ಪಟ್ಟಿಯಲ್ಲಿದ್ದರೆ ಅದು ಕೊತ್ತಂಬರಿಯೋ ಮಸಾಲೆಯೋ ಆದೀತು, ಮೇಲಿನ ವಾದಕ್ಕೆ ಅರ್ಧ ಆಧಾರ ಮಾತ್ರ. ಬಡಿಸಿದ ಪಟ್ಟಿಯಲ್ಲಿ, ಆಮ್ಟಿಯ ಜೊತೆಗೆ ಬೇರೆಯದಾಗಿ ಎಣಿಸಲ್ಪಟ್ಟಿದ್ದರೆ, ಆ ಕಾಗದದ ತಾರೀಖು ಹೆಸರಿನ ಚರಿತ್ರೆಯ ಮೊದಲ ತಾರೀಖಾಗುತ್ತದೆ. ಅದು 1684ಕ್ಕಿಂತ ಹಿಂದಿನದಾದರೆ ಶಾಹಜಿಯ ಕಥೆಯನ್ನು ಮುಂದೆ ಯಾರೂ ಎತ್ತಬೇಕಾಗಿಲ್ಲ. 1689ರ ಆಚೆಯದಾದರೆ ಕಥೆ ಸಾಬೀತಾಗುವುದೂ ಇಲ್ಲ, ಸಾಯುವುದೂ ಇಲ್ಲ. ಪದಾಂತ್ಯದ ವಾದಕ್ಕೆ ಮಾತ್ರ ಒಂದು ಪುಷ್ಟಿ ಸಿಗುತ್ತದೆ.